ಮೊದಲ ಹಾಟ್ ಡಾಗ್ ಕಾಗೆಗೆ

ಬಿಸಿ ಮಾಡುವುದು ನನ್ನ ಉದ್ಯೋಗ. ಪೆನಾಂಗ್ ದ್ವೀಪದ ಬಯಾನ್ ಲೆಪಾಸ್‌ನ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಾನಿಕ್ ಚಿಪ್‌ಗಳನ್ನು ದೊಡ್ಡ ಒಲೆಗಳಲ್ಲಿಟ್ಟು, ವಾರಗಟ್ಟಲೆ ಬೇಯಿಸಿ, ಯಾವುದು ಯಾವಾಗ ಸತ್ತಿತು ಎಂದು ಬರೆದುಕೊಳ್ಳುತ್ತೇನೆ. ಒಂದು ಚಿಪ್ ಸತ್ತರೆ ನಾನು ನಂಬುವುದಿಲ್ಲ. ಇನ್ನೊಂದು ಅದೇ ರೀತಿ ಸಾಯಬೇಕು. ಮೈಸೂರಿನಲ್ಲಿ ಐದು ವರ್ಷ ಭೌತಶಾಸ್ತ್ರ ಓದಿದ್ದರಲ್ಲಿ ತಲೆಯಲ್ಲಿ ಉಳಿದದ್ದು ಇದೊಂದೇ: ಒಮ್ಮೆ ಆದದ್ದು ಆದದ್ದಲ್ಲ.

ಇಷ್ಟು ವರ್ಷ ಇಷ್ಟೆಲ್ಲ ಬೇಯಿಸಿದವನು ಹೋದ ವರ್ಷದವರೆಗೆ ಒಂದೇ ಒಂದು ಹಾಟ್ ಡಾಗ್ ಬೇಯಿಸಿರಲಿಲ್ಲ. ಹಾಗೆಂದು ನನ್ನ ನೆನಪು. ನನ್ನ ಮಗಳು ಬರೆದಿರುವ ಪ್ರಕಾರ ನಾನು ಪ್ರತಿ ವರ್ಷ ಬೇಯಿಸುತ್ತೇನೆ.

ಅವಳಿಗೆ ಆಗ ಹತ್ತು ವರ್ಷ. ಶಾಲೆಯಲ್ಲಿ ‘ನಮ್ಮ ಮನೆಯ ಬೇಸಿಗೆಯ ಸಂಪ್ರದಾಯ’ ಎಂದು ಪ್ರಬಂಧ ಬರೆಯಲು ಹೇಳಿದ್ದರು. ಪೆನಾಂಗ್‌ನಲ್ಲಿ ಬೇಸಿಗೆ ಎಂಬುದು ಬರುವುದೂ ಇಲ್ಲ, ಹೋಗುವುದೂ ಇಲ್ಲ. ಜನವರಿಯಲ್ಲಿ ಬೆವರುವಷ್ಟೇ ಜುಲೈಯಲ್ಲೂ ಬೆವರುತ್ತೇವೆ. ಆದರೆ ಟೀಚರ್ ಇಂಗ್ಲೆಂಡಿನವರು. ಆರು ವರ್ಷದಿಂದ ಇಲ್ಲಿದ್ದರೂ ಜೂನ್ ಬಂತೆಂದರೆ ಅವರಿಗೆ ಏನೋ ಆಗುತ್ತದಂತೆ. ನನ್ನ ಮಗಳು ಬರೆದದ್ದನ್ನು ಓದಿ ಅವರು ಕಣ್ಣೊರೆಸಿಕೊಂಡರಂತೆ. ಶಾಲೆಯ ಹಜಾರದ ಗೋಡೆಗೆ ಅಂಟಿಸುವುದಕ್ಕೆ ಆರಿಸಿದ ನಾಲ್ಕು ಪ್ರಬಂಧಗಳಲ್ಲಿ ಅವಳದೂ ಒಂದು. ಮೇಲೆ ದೊಡ್ಡ ಅಕ್ಷರದಲ್ಲಿ ‘ನಿಜವಾದ ಕಥೆಗಳು’ ಎಂದು ಬರೆದಿರುತ್ತಾರೆ.

ಇಂಗ್ಲಿಷಿನಲ್ಲಿದ್ದ ಆ ಪ್ರಬಂಧವನ್ನು ನಾನು ಊಟದ ಮೇಜಿನ ಹತ್ತಿರ ಅಮ್ಮನಿಗಾಗಿ ಕನ್ನಡದಲ್ಲಿ ಓದಿ ಹೇಳಿದೆ. ಹೆಚ್ಚೂಕಡಿಮೆ ಹೀಗಿತ್ತು:

‘ಪ್ರತಿ ವರ್ಷ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಬಾರ್ಬೆಕ್ಯೂ ಇರುತ್ತದೆ. ಅಪ್ಪ ಅಂಗಿ ಹಾಕಿಕೊಳ್ಳುವುದಿಲ್ಲ. ಬಿಳಿ ಬಟ್ಟೆ ಉಟ್ಟುಕೊಳ್ಳುತ್ತಾರೆ, ಅದು ಒದ್ದೆಯಾಗಿರಬೇಕು. ಹೆಗಲ ಮೇಲಿನ ದಾರವನ್ನು ಆ ಕಡೆಯಿಂದ ಈ ಕಡೆಗೆ ಹಾಕಿಕೊಂಡು ಬೆಂಕಿಗೆ ತುಪ್ಪ ಬಿಡುತ್ತಾರೆ. ನಮ್ಮ ಹಾಟ್ ಡಾಗ್‌ಗೆ ಈರುಳ್ಳಿ ಇಲ್ಲ, ಯಾಕೆಂದರೆ ಅವತ್ತು ಈರುಳ್ಳಿ ಮನೆಯೊಳಗೆ ಬರುವಂತಿಲ್ಲ. ಅಜ್ಜಿ ತೂತು ಮರೆತುಹೋದ ಡೋನಟ್ ಕರಿಯುತ್ತಾರೆ. ಕಪ್ಪು ಎಳ್ಳಿನ ಉಂಡೆ ಕಟ್ಟುತ್ತಾರೆ. ಮೊದಲ ತಟ್ಟೆ ಕಾಗೆಗೆ. ಕಾಗೆ ತಿನ್ನುವವರೆಗೆ ಯಾರೂ ತಿನ್ನುವಂತಿಲ್ಲ. ಕಾಗೆ ನನ್ನ ತಾತ. ಅವರಿಗೆ ಬಾರ್ಬೆಕ್ಯೂ ತುಂಬ ಇಷ್ಟ.’

ಓದಿ ಮುಗಿಸಿದಾಗ ನನ್ನ ಹೆಂಡತಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಅವಳು ನಗುತ್ತಿದ್ದಾಳೋ ಗಾಬರಿಯಾಗಿದ್ದಾಳೋ ತಿಳಿಯಲಿಲ್ಲ. ಅಮ್ಮ ಮಾತ್ರ ಬೀನ್ಸ್ ನಾರು ತೆಗೆಯುವುದನ್ನು ನಿಲ್ಲಿಸದೆ ಹೇಳಿದಳು, “ಇದರಲ್ಲಿ ತಪ್ಪೇನಿದೆ? ನಡೆದದ್ದು ನಡೆದ ಹಾಗೇ ಬರೆದಿದೆ ಮಗು.”

ನಡೆದದ್ದು ನನ್ನ ಅಪ್ಪನ ತಿಥಿ. ಕೊರೊನಾ ಕಾಲ. ಅಪ್ಪ ತೀರಿಕೊಂಡ ಮೇಲೆ ಅಮ್ಮ ನಮ್ಮ ಜೊತೆ ಇರಲು ಬಂದಿದ್ದಳು. ವರ್ಷ ತುಂಬಿದ ದಿನ ದೇವಸ್ಥಾನವೂ ಮುಚ್ಚಿತ್ತು, ವಿಮಾನವೂ ಇರಲಿಲ್ಲ. ಮೈಸೂರಿನ ಪುರೋಹಿತರು ವಿಡಿಯೋ ಕಾಲ್‌ನಲ್ಲಿ ಮಂತ್ರ ಹೇಳುತ್ತೇನೆ, ನೀವು ಮಾಡುತ್ತಾ ಹೋಗಿ ಎಂದರು. ಹೋಮಕ್ಕೆ ಕುಂಡ ಎಲ್ಲಿ ಎಂದು ಕೇಳಿದರು. ಕುಂಡ ಇಲ್ಲ. ಮಣ್ಣಿನ ಒಲೆ? ಇಲ್ಲ. ಇಟ್ಟಿಗೆ? ಹದಿನಾಲ್ಕನೇ ಮಹಡಿಯಲ್ಲಿ ಇಟ್ಟಿಗೆ ಎಲ್ಲಿಂದ ಬರಬೇಕು? ಕೊನೆಗೆ ಹೆಂಡತಿ ಹಾರ್ಡ್‌ವೇರ್ ಅಂಗಡಿಯಿಂದ ತರಿಸಿದ್ದ ಪುಟ್ಟ ಬಾರ್ಬೆಕ್ಯೂ ಒಲೆಯನ್ನು ಫೋನಿನ ಮುಂದೆ ಹಿಡಿದಳು. ಪುರೋಹಿತರು ಅದನ್ನು ಎಲ್ಲ ಕಡೆಯಿಂದ ತಿರುಗಿಸಿ ತೋರಿಸಲು ಹೇಳಿ, “ಕಾಲು ಮೂರಿದೆಯೋ ನಾಲ್ಕಿದೆಯೋ?” ಎಂದು ಕೇಳಿ, “ಆಗಲಿ, ಹೊಸದು ತಾನೆ” ಎಂದು ಒಪ್ಪಿದರು. ಬಾಲ್ಕನಿಯಲ್ಲಿ ಒದ್ದೆ ಪಂಚೆ ಉಟ್ಟು ನಾನು ಅದರೊಳಗಿನ ಇದ್ದಿಲಿಗೆ ತುಪ್ಪ ಬಿಟ್ಟೆ. ಆರು ವರ್ಷದ ಮಗಳು ಗಾಜಿನ ಬಾಗಿಲಿನ ಆಚೆಯಿಂದ ನೋಡುತ್ತಿದ್ದಳು. ಆ ಒಲೆಯ ಡಬ್ಬದ ಮೇಲೆ ಹಾಟ್ ಡಾಗ್ ಹಿಡಿದುಕೊಂಡು ನಗುವ ಒಂದು ಕುಟುಂಬದ ಚಿತ್ರ ಇತ್ತು.

ಅವತ್ತು ಕಾಗೆ ಬಂತೇ? ಬಂದು ಬಾಲ್ಕನಿಯ ಕಂಬಿಯ ಮೇಲೆ ಕೂತಿತೆಂದು ನನಗೆ ಸ್ಪಷ್ಟ ನೆನಪಿದೆ. ಹೆಂಡತಿಯ ಪ್ರಕಾರ ಕಾಗೆ ಬರಲೇ ಇಲ್ಲ, ಎರಡು ಗಂಟೆ ಕಾದು ಕೊನೆಗೆ ನಾನೇ ಎಲೆಯನ್ನು ಲಿಫ್ಟ್‌ನಲ್ಲಿ ಕೆಳಗೆ ಒಯ್ದು ಕಸದ ಕೋಣೆಯ ಹತ್ತಿರ ಇಟ್ಟು ಬಂದೆ. ಅಮ್ಮನ ಪ್ರಕಾರ ಎರಡು ಬಂದಿದ್ದವು. ಮರುವರ್ಷ ತಿಥಿ ಮಾಡಿದೆನೋ ಇಲ್ಲವೋ ಎಂಬುದರಲ್ಲೂ ನಮಗೆ ಮೂರು ಅಭಿಪ್ರಾಯ. ಅದರ ಮುಂದಿನ ಮೂರು ವರ್ಷ ಮಾಡಲಿಲ್ಲ ಎಂಬುದರಲ್ಲಿ ಅನುಮಾನವಿಲ್ಲ. ಕಾರ್ಖಾನೆಯಲ್ಲಿ ರಜೆ ಸಿಗುತ್ತಿಲ್ಲ ಎಂದಿದ್ದೆ. ನಿಜ ಹೇಳಬೇಕೆಂದರೆ ಕೇಳಿರಲೇ ಇಲ್ಲ.

ಹೀಗಾಗಿ ಪ್ರಬಂಧವನ್ನು ಹಾಗೇ ಗೋಡೆಗೆ ಅಂಟಿಸಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ. ಆದರೆ ನಮ್ಮ ಕಾಂಡೋದಲ್ಲೇ, ಎಂದರೆ ನಮ್ಮ ಅಪಾರ್ಟ್‌ಮೆಂಟ್ ಸಂಕೀರ್ಣದಲ್ಲೇ, ಎದುರಿನ ಬ್ಲಾಕಿನಲ್ಲಿ ಒಬ್ಬ ತಮಿಳು ಹುಡುಗಿ ಇದ್ದಾಳೆ. ಮಗಳ ತರಗತಿಯವಳೇ. ಅವಳು ಎಲ್ಲರೆದುರು ಎದ್ದು ನಿಂತು, ತಾನು ನಾಲ್ಕು ವರ್ಷದಿಂದ ಅದೇ ಕಾಂಡೋದಲ್ಲಿದ್ದೇನೆ, ಈಜುಕೊಳದ ಪಕ್ಕದ ಬಾರ್ಬೆಕ್ಯೂ ಜಾಗ ತನ್ನ ಕಿಟಕಿಯಿಂದ ಕಾಣುತ್ತದೆ, ಇವರ ಅಪ್ಪ ಅಂಗಿಯಿಲ್ಲದೆ ಅಲ್ಲಿ ನಿಂತದ್ದನ್ನು ಒಂದು ಸಲವೂ ಕಂಡಿಲ್ಲ ಎಂದು ಹೇಳಿದಳು. ‘ನಿಜವಾದ ಕಥೆಗಳು’ ಎಂಬ ತಲೆಬರಹದ ಕೆಳಗೆ ಇದನ್ನು ಹಾಕಬಾರದು ಎಂದಳು. ಟೀಚರ್ ಸಮಾಧಾನ ಮಾಡಲು ಹೋಗಿ, “ಹಾಗಿದ್ದರೆ ಈ ವರ್ಷದ್ದಕ್ಕೆ ನಾವಿಬ್ಬರೂ ಹೋಗಿ ನೋಡಿಬಿಡೋಣ” ಎಂದರು. ನನ್ನ ಮಗಳು ಬಾಯಿ ತಪ್ಪಿ, “ಸಾಟರ್ಡೇ” ಎಂದುಬಿಟ್ಟಳು.

ಮನೆಗೆ ಬಂದು ಇಷ್ಟನ್ನು ಹೇಳಿ ಮಗಳು ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡಳು. ನಾನು ಬಾಗಿಲ ಹೊರಗೆ ನೆಲದ ಮೇಲೆ ಕೂತೆ.

“ಅಪ್ಪ, ಐ ಡಿಡಂಟ್ ಲೈ.”

“ಗೊತ್ತು ಪುಟ್ಟಿ.”

“ಎವೆರಿಥಿಂಗ್ ಈಸ್ ಟ್ರೂ.”

“‘ಪ್ರತಿ ವರ್ಷ’ ಅಂತ ಬರೆದಿದ್ದೀಯಲ್ಲ.”

ಒಳಗೆ ನಲ್ಲಿ ತೊಟ್ಟಿಕ್ಕುವ ಸದ್ದು. ಆ ನಲ್ಲಿ ಒಂದು ವರ್ಷದಿಂದ ತೊಟ್ಟಿಕ್ಕುತ್ತಿತ್ತು. “ಐ ಥಾಟ್ ವಿ ವುಡ್” ಎಂದಳು. ಮಾಡ್ತೀವಿ ಅಂದುಕೊಂಡಿದ್ದೆ ಎಂದು.

ಶನಿವಾರಕ್ಕೆ ನಾಲ್ಕು ದಿನ ಇತ್ತು. ಪ್ರಬಂಧವೇ ನಮಗೆ ಅಡುಗೆಯ ಪುಸ್ತಕ. ಮಗಳು ಅದನ್ನು ಫ್ರಿಜ್‌ಗೆ ಅಂಟಿಸಿದಳು. ನಾನು ಕಾಂಡೋ ಆಫೀಸಿಗೆ ಹೋಗಿ ಈಜುಕೊಳದ ಪಕ್ಕದ ಬಾರ್ಬೆಕ್ಯೂ ಒಲೆಯನ್ನು ಕಾಯ್ದಿರಿಸಿ ಬಂದೆ. ಹಾಟ್ ಡಾಗ್‌ಗೆ ಸೋಯಾದ ಸಾಸೇಜ್ ತರಬೇಕಿತ್ತು, ಏಕೆಂದರೆ ಅಮ್ಮ ಇರುವಲ್ಲಿ ಬೇರೆಯದು ಬೇಯುವಂತಿಲ್ಲ. ಇಲ್ಲಿನ ಚೀನೀ ಸಸ್ಯಾಹಾರಿ ಅಂಗಡಿಗಳಲ್ಲಿ ಸೋಯಾದಿಂದ ಬಾತುಕೋಳಿ, ಸೀಗಡಿ, ಕಣ್ಣು ಮೂಗು ಇರುವ ಇಡೀ ಮೀನು, ಎಲ್ಲವನ್ನೂ ಮಾಡಿಟ್ಟಿರುತ್ತಾರೆ. ಅಂಥ ಅಂಗಡಿಯಲ್ಲಿ ಫ್ರೀಜರಿನ ಮುಂದೆ ನಿಂತಾಗ ಹೆಂಡತಿ ಯಾವ ಹುಡುಕಾಟವೂ ಇಲ್ಲದೆ ಒಂದು ಪೊಟ್ಟಣ ಎತ್ತಿಕೊಂಡಳು.

“ನಿನಗೆ ಹೇಗೆ ಗೊತ್ತು ಯಾವುದು ಅಂತ?”

“ಅವತ್ತು ಇದನ್ನೇ ಕೊಟ್ಟಿದ್ದು.”

“ಯಾವತ್ತು?”

“ತಿಥಿ ದಿನ. ಎರಡೂವರೆ ಆದ್ರೂ ನಿಮ್ಮ ಮಂತ್ರ ಮುಗಿದಿರಲಿಲ್ಲ. ಮಗು ಹಸಿವು ಅಂತ ಅಳ್ತಿತ್ತು. ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿ ಬನ್ನಲ್ಲಿಟ್ಟು ಕೊಟ್ಟೆ. ಬೆಡ್‌ರೂಮ್‌ನಲ್ಲಿ ಕೂತು ತಿಂದಳು. ನಿಮ್ಮಮ್ಮನಿಗೆ ಹೇಳಬೇಡಿ.”

ಹೀಗೆ ಹಾಟ್ ಡಾಗ್ ಕೂಡ ನಿಜ ಎಂದಾಯಿತು. ಪ್ರಬಂಧದಲ್ಲಿ ಸುಳ್ಳೆಂದು ಉಳಿದದ್ದು ಮೊದಲ ಎರಡು ಪದ ಮಾತ್ರ. ಅಮ್ಮನಿಗೆ ನಾನು ಹೇಳಲಿಲ್ಲ. ಆದರೆ ಚೀಲದಿಂದ ಪೊಟ್ಟಣ ತೆಗೆದದ್ದೇ ಅಮ್ಮ ಮೂಸಿ ನೋಡಿ, “ಓ, ಇದಾ? ಅವತ್ತೂ ಇದೇ ವಾಸನೆ ಬಂದಿತ್ತು” ಎಂದಳು. ಹೆಂಡತಿ ಫ್ರಿಜ್‌ನೊಳಗೆ ಏನನ್ನೋ ಬಹಳ ಹೊತ್ತು ಹುಡುಕಿದಳು.

ಜೊತೆಯ ತಿಂಡಿಗಳ ಪಟ್ಟಿ ಬೆಳೆಯಿತು. ಜೋಳದ ತೆನೆಗೆ ಉಪ್ಪು, ಖಾರ, ನಿಂಬೆಹಣ್ಣು. ಹೆಸರುಬೇಳೆ ಕೋಸಂಬರಿಯನ್ನು ಸಲಾಡ್ ಎಂದು ಕರೆಯುವುದಾಗಿ ತೀರ್ಮಾನವಾಯಿತು. ಈರುಳ್ಳಿಯಿಲ್ಲದ ಆಲೂಗಡ್ಡೆ ಪಲ್ಯ. ಎಳ್ಳುಂಡೆಗೂ ಅಮ್ಮ ಒಪ್ಪಿದಳು. ವಡೆಯ ಹತ್ತಿರ ಬಂದಾಗ ಜಗಳ ಶುರುವಾಯಿತು.

ನಮ್ಮ ಮನೆಯಲ್ಲಿ ಹಬ್ಬದ ವಡೆಗೆ ತೂತು ಇರುತ್ತದೆ, ತಿಥಿಯ ವಡೆಗೆ ಇರುವುದಿಲ್ಲ.

“ತೂತು ಹಾಕ್ತೀನಿ” ಎಂದಳು ಅಮ್ಮ. “ಒಳ್ಳೇ ದಿನ ತೂತಿಲ್ಲದ ವಡೆ ಮಾಡಬಾರದು.”

“ಅಜ್ಜಿ, ನೋ! ತೂತು ಮರೆತುಹೋಗಿದೆ ಅಂತ ಬರ್ದಿದೀನಿ.” ಮಗಳು ಕನ್ನಡಕ್ಕೆ ಇಳಿದಳೆಂದರೆ ವಿಷಯ ಗಂಭೀರ.

“ಯಾರು ನೋಡ್ತಾರೆ ಮಗು ತೂತನ್ನ?”

“ಅವಳು ನೋಡ್ತಾಳೆ. ಶಿ ಈಸ್ ತಮಿಳ್. ಶಿ ನೋಸ್ ವಡೆ.”

“ಹಾಗಾದ್ರೆ ಇದು ತಿಥಿನೇ ಆಗಿಹೋಗುತ್ತೆ ಅತ್ತೆ” ಎಂದಳು ಹೆಂಡತಿ, ಯಾವ ಕಡೆಗೂ ವಾಲದೆ.

ಅಮ್ಮ ಉದ್ದಿನಬೇಳೆ ಅಳೆಯುತ್ತಿದ್ದ ಲೋಟವನ್ನು ಕೆಳಗಿಟ್ಟಳು. ನನ್ನ ಕಡೆ ನೋಡಲಿಲ್ಲ. “ಆಗಬೇಕಾಗಿತ್ತಲ್ಲ. ಈ ವರ್ಷದ್ದು ಆಗಿಲ್ಲ. ಹೋದ ವರ್ಷದ್ದೂ ಆಗಿಲ್ಲ. ತೂತಿಲ್ಲದೇ ಮಾಡ್ತೀನಿ ಬಿಡು.”

“ಅಮ್ಮ, ಶನಿವಾರ ಯಾವ ತಿಥಿಯೂ ಅಲ್ಲ.”

“ನಿಮ್ಮಪ್ಪ ಯಾವತ್ತು ಪಂಚಾಂಗ ನೋಡಿದ್ರು? ಮೇಜಿನ ಮೇಲೆ ತಟ್ಟೆ ಇಟ್ಟರೆ ಬಂದು ಕೂರೋರು.”

ಶನಿವಾರ ಸಂಜೆ ಐದು ಗಂಟೆ. ನಾನು ಪಂಚೆಯನ್ನು ನೆನೆಸಿ, ಹಿಂಡಿ, ಉಟ್ಟುಕೊಂಡು ಹದಿನಾಲ್ಕು ಮಹಡಿ ಲಿಫ್ಟ್‌ನಲ್ಲಿ ಇಳಿದೆ. ಬೀರುವಿನ ಮೊಳೆಗೆ ತಗುಲಿಸಿಟ್ಟಿದ್ದ ಜನಿವಾರ ಮೈಮೇಲೆ ಬಂದಿತ್ತು. ಒಂದು ಕೈಯಲ್ಲಿ ಇಕ್ಕಳ, ಇನ್ನೊಂದರಲ್ಲಿ ತುಪ್ಪದ ಗಿಂಡಿ. ಒಂಬತ್ತನೇ ಮಹಡಿಯಲ್ಲಿ ಹತ್ತಿದ ಒಬ್ಬ ಕೊರಿಯಾದವನು ನನ್ನನ್ನು ನೋಡಿ, ಬಹಳ ಗೌರವದಿಂದ ತಲೆ ಬಾಗಿಸಿ, ಏಳನೇ ಮಹಡಿಯಲ್ಲೇ ಇಳಿದುಹೋದ.

ಟೀಚರ್ ಹುಲ್ಲಿನ ಟೋಪಿ ಹಾಕಿಕೊಂಡು ಸಾಸಿವೆ ಸಾಸಿನ ಬಾಟಲಿ ಹಿಡಿದು ಆಗಲೇ ಬಂದು ನಿಂತಿದ್ದರು. ಎದುರಿನ ಬ್ಲಾಕಿನ ಹುಡುಗಿ ಬಂದದ್ದು ಪ್ರಬಂಧದ ಪ್ರತಿ ಮತ್ತು ಪೆನ್ಸಿಲ್ ಹಿಡಿದುಕೊಂಡು. ಒಂದು ವಿಷಯ ಹೇಳಲೇಬೇಕು: ನನ್ನ ಕಾರ್ಖಾನೆಯಲ್ಲಿ ಅವಳಂಥ ಪರೀಕ್ಷಕರು ಇಬ್ಬರಿದ್ದಿದ್ದರೆ ನಾನು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದೆ. ಅವಳು ನನ್ನ ಸುತ್ತ ಒಂದು ಸುತ್ತು ಬಂದು, ಪಂಚೆಯ ಅಂಚನ್ನು ಎರಡು ಬೆರಳಲ್ಲಿ ಮುಟ್ಟಿ, ‘ಒದ್ದೆ’ ಎಂಬಲ್ಲಿ ಗುರುತು ಹಾಕಿದಳು.

ಮೊದಲ ಅಡ್ಡಿ ಬಂದದ್ದು ನೇಪಾಳಿ ಸೆಕ್ಯುರಿಟಿಯಿಂದ.

“ಸಾರ್, ಶರ್ಟ್.”

ಈಜುಕೊಳದ ಪಕ್ಕ ಅಂಗಿಯಿಲ್ಲದೆ ನಿಲ್ಲಬಹುದು, ಆದರೆ ಈಜುಡುಗೆ ಇರಬೇಕು; ಬಾರ್ಬೆಕ್ಯೂ ಜಾಗದಲ್ಲಿ ಈಜುಡುಗೆ ಕೂಡದು, ಅಂಗಿ ಇರಬೇಕು. ನಾನು ಎರಡರ ಗಡಿಯ ಮೇಲೆ ಪಂಚೆಯಲ್ಲಿ ನಿಂತಿದ್ದೆ. ಅವನು ಫಲಕ ತೋರಿಸಿದ. ನಾನು ಹಿಂದಿಯಲ್ಲಿ, ಇದು ನಮ್ಮ ಪದ್ಧತಿ, ಕಾಗೆಗೆ ಇಟ್ಟ ಮೇಲೆ ಅಂಗಿ ಹಾಕಿಕೊಳ್ಳುತ್ತೇನೆ ಎಂದೆ. ಕಾಗೆ ಎಂದದ್ದೇ ಅವನ ಮುಖ ಬದಲಾಯಿತು. ಅವರ ಊರಿನಲ್ಲಿ ದೀಪಾವಳಿಯ ಹೊತ್ತಿಗೆ ಒಂದು ದಿನ ಕಾಗೆಯ ಹಬ್ಬವೇ ಇದೆಯಂತೆ. “ಕಾಗೆಗಾದರೆ ಪರವಾಗಿಲ್ಲ” ಎಂದು ಫಲಕಕ್ಕೆ ಅಡ್ಡವಾಗಿ ನಿಂತುಕೊಂಡ.

ಸೋಯಾ ಸಾಸೇಜಿನ ಬಗ್ಗೆ ನನಗೆ ಯಾರೂ ಎಚ್ಚರಿಕೆ ಕೊಟ್ಟಿರಲಿಲ್ಲ. ಅದರಲ್ಲಿ ಕೊಬ್ಬಿಲ್ಲ, ಕಬ್ಬಿಣದ ಕಂಬಿಗೆ ಅಂಟಿದರೆ ಚರ್ಮ ಅಲ್ಲೇ ಉಳಿದು ಒಳಗಿನದು ಮಾತ್ರ ಕೈಗೆ ಬರುತ್ತದೆ. ಮೊದಲ ಮೂರು ಹೀಗೆ ಹೋದವು. ಆಗ ಮಗಳು ಪಿಸುಗುಟ್ಟಿದಳು, “ಅಪ್ಪ, ತುಪ್ಪ.” ಸರಿ, ಜನಿವಾರವನ್ನು ಎಡಹೆಗಲಿನಿಂದ ಬಲಹೆಗಲಿಗೆ ಬದಲಿಸಿ ಗಿಂಡಿಯಿಂದ ತುಪ್ಪ ಬಿಟ್ಟೆ. ಬೆಂಕಿ ಎದೆಯೆತ್ತರ ಎದ್ದಿತು. ಎದೆಯ ಮೇಲಿನ ಕೂದಲು ಒಂದಿಷ್ಟು ಸುಟ್ಟ ವಾಸನೆ ಬಂತು. ಟೀಚರ್ ಚಪ್ಪಾಳೆ ತಟ್ಟಿದರು. ತುಪ್ಪ ತಾಗಿದ ಮೇಲೆ ಸಾಸೇಜ್ ಮಾತ್ರ ಕಂಬಿಯ ಮೇಲೆ ಸಲೀಸಾಗಿ ಉರುಳಿತು. ಎಲ್ಲ ಕಡೆ ಕೆಂಪಗೆ, ಗೆರೆ ಗೆರೆಯಾಗಿ ಬೆಂದಿತು. ಬನ್‌ಗಳನ್ನೂ ಅದೇ ತುಪ್ಪದಲ್ಲಿ ಒತ್ತಿದೆ.

ಅಮ್ಮ ಬಾಳೆಲೆಯ ತುಂಡಿನ ಮೇಲೆ ಮೊದಲ ಹಾಟ್ ಡಾಗ್, ಒಂದು ವಡೆ, ಒಂದು ಎಳ್ಳುಂಡೆ ಇಟ್ಟಳು. ಹುಡುಗಿ ವಡೆಯನ್ನು ಎರಡೂ ಮಗ್ಗುಲು ತಿರುಗಿಸಿ ನೋಡಿ ಗುರುತು ಹಾಕಿದಳು. ನಾನು ಎಲೆಯನ್ನು ಕಾಂಪೌಂಡಿನ ಗಿಡ್ಡ ಗೋಡೆಯ ಮೇಲಿಟ್ಟು ಹಿಂದಕ್ಕೆ ಸರಿದೆ. ಎಲ್ಲರೂ ತಮ್ಮ ತಮ್ಮ ಹಾಟ್ ಡಾಗ್ ಹಿಡಿದು ಸಾಲಾಗಿ ನಿಂತು ಆಕಾಶ ನೋಡಿದೆವು.

ಕಾಗೆ ಬರಲಿಲ್ಲ.

ನಮ್ಮ ಕಾಂಡೋದಲ್ಲಿ ಕಾಗೆಗೆ ಬರಗಾಲ ಎಂದರೆ ಯಾರೂ ನಂಬುವುದಿಲ್ಲ. ಬೆಳಿಗ್ಗೆ ಕಸದ ಕೋಣೆಯ ಮುಂದೆ ಅವುಗಳದ್ದೇ ಸಭೆ. ಕಾರಿನ ವೈಪರ್ ಕಿತ್ತುಕೊಂಡು ಹೋಗುತ್ತವೆ. ಐದು ನಿಮಿಷವಾಯಿತು. ಹತ್ತಾಯಿತು. ಟೀಚರ್ ಹಾಟ್ ಡಾಗನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು.

“ನೋ ಕ್ರೋ, ಲಾ” ಎಂದಳು ಹುಡುಗಿ, ಇಲ್ಲಿನವರು ಮಾತಿನ ಕೊನೆಗೆ ಹಚ್ಚುವ ‘ಲಾ’ ಸೇರಿಸಿ.

ಆಗ ಸೆಕ್ಯುರಿಟಿಯವನು ಕೆಮ್ಮಿ, ಗುರುವಾರ ಆಫೀಸಿನವರು ಜನ ಕರೆಸಿ ಪಟಾಕಿ ಹೊಡೆಸಿ ಕಾಗೆಗಳನ್ನೆಲ್ಲ ಓಡಿಸಿದ್ದಾರೆ ಎಂದ. ಯಾರೋ ವೈಪರಿನ ಬಗ್ಗೆ ದೂರು ಕೊಟ್ಟಿದ್ದರಂತೆ. ದೂರು ಕೊಟ್ಟವರು ಯಾರೆಂದು ನನಗೆ ಗೊತ್ತಿತ್ತು. ಮೂರು ವಾರದ ಹಿಂದೆ, ಎರಡು ಫೋಟೋಗಳ ಸಮೇತ, ನಾನೇ ಕೊಟ್ಟಿದ್ದೆ. ಹೆಂಡತಿ ನನ್ನ ಕಡೆ ನೋಡಿದಳು. ನಾನು ಇಕ್ಕಳ ನೋಡಿದೆ.

ಮಗಳ ಬನ್ನಿನಲ್ಲಿ ಹೆಬ್ಬೆರಳು ಒಂದು ಕಡೆಯಿಂದ ತೂತು ಕೊರೆದು ಇನ್ನೊಂದು ಕಡೆ ಬಂದಿತ್ತು.

“ಅವರಿಗೆ ಏನೋ ಅಸಮಾಧಾನ” ಎಂದಳು ಅಮ್ಮ. “ಏನಾದ್ರೂ ಮಾತು ಕೊಡೋ. ಮನಸ್ಸಿನಲ್ಲಿರೋದು ನಡೆಸಿಕೊಡ್ತೀನಿ ಅಂತ ಹೇಳಿದ್ರೆ ಬರ್ತಾರೆ.”

“ಅಮ್ಮ, ಅದು ಬರೀ ಕಾಗೆ.”

“ಎಲ್ಲಿದೆ?”

ಇದಕ್ಕೆ ಭೌತಶಾಸ್ತ್ರದಲ್ಲಿ ಉತ್ತರವಿಲ್ಲ. ನಾನು ಕೈ ಮುಗಿದು ಗೋಡೆಯ ಕಡೆ ತಿರುಗಿ, “ಬಿಪಿ ಮಾತ್ರೆ ತಪ್ಪಿಸಲ್ಲ” ಎಂದೆ. ಏನೂ ಬರಲಿಲ್ಲ. “ಅಮ್ಮನ ಕಣ್ಣಿನ ಆಪರೇಶನ್ ಈ ತಿಂಗಳೇ ಮಾಡಿಸ್ತೀನಿ.” ಒಂದು ಪಾರಿವಾಳ ಬಂದು, ಎಲೆ ನೋಡಿ, ಹೋಯಿತು.

“ಬಾತ್‌ರೂಮ್ ನಲ್ಲಿ ರಿಪೇರಿ ಮಾಡಿಸ್ತೀನಿ ಅನ್ನಿ” ಎಂದಳು ಹೆಂಡತಿ.

“ಅಪ್ಪನಿಗೂ ನಲ್ಲಿಗೂ ಏನು ಸಂಬಂಧ?”

“ಅನ್ನಿ ರೀ. ಅವರು ನೀರು ಪೋಲು ಮಾಡೋರನ್ನ ಕಂಡ್ರೆ ಉರಿದು ಬೀಳ್ತಿದ್ರು.”

ನಲ್ಲಿಯನ್ನೂ ಸೇರಿಸಿದೆ. ಇಷ್ಟು ಹೊತ್ತಿಗೆ ಟೀಚರ್ ಏನು ನಡೆಯುತ್ತಿದೆ ಎಂದು ಕೇಳಿ, ಮಗಳಿಂದ ತಿಳಿದುಕೊಂಡು, ಟೋಪಿ ತೆಗೆದು ಎದೆಗೆ ಒತ್ತಿ ಹಿಡಿದು, ತಾವೂ ತಮ್ಮ ತಂದೆಗೆ ಇನ್ನು ಮೇಲೆ ಭಾನುವಾರ ತಪ್ಪದೆ ಫೋನ್ ಮಾಡುತ್ತೇನೆ ಎಂದು ನಮ್ಮ ಕಾಂಪೌಂಡ್ ಗೋಡೆಗೆ ಮಾತು ಕೊಟ್ಟರು. ಅವರ ತಂದೆ ಬದುಕಿದ್ದಾರೆ ಎಂದು ಆಮೇಲೆ ತಿಳಿಯಿತು. ಸೆಕ್ಯುರಿಟಿಯವನು ಕೈಗಳನ್ನು ಬಾಯಿಯ ಸುತ್ತ ಹಿಡಿದು, ನಿಜವಾದ ಕಾಗೆಯೂ ನಾಚುವ ಹಾಗೆ, “ಕಾ! ಕಾ!” ಎಂದು ಕೂಗಿದ. ಮೇಲಿನ ಬಾಲ್ಕನಿಗಳಿಂದ ತಲೆಗಳು ಹೊರಬಂದವು. ಒಂಬತ್ತನೇ ಮಹಡಿಯಿಂದ ಕೊರಿಯಾದವನು ಫೋನ್ ಹಿಡಿದಿದ್ದ.

ಹುಡುಗಿ ಕೈಗಡಿಯಾರ ನೋಡಿ, ಯಾವ ಕುಹಕವೂ ಇಲ್ಲದೆ ನನ್ನ ಮಗಳಿಗೆ ಇಂಗ್ಲಿಷಿನಲ್ಲಿ ಹೇಳಿದಳು: “ಉಳಿದದ್ದೆಲ್ಲ ಸರಿ ಇದೆ. ಕಾಗೆ ಇಲ್ಲ. ‘ಪ್ರತಿ ವರ್ಷ’ವೂ ಇಲ್ಲ. ಸಾರಿ.” ಮತ್ತು ಆ ಎರಡು ಪದಗಳ ಮೇಲೆ ಪೆನ್ಸಿಲ್ ಇಟ್ಟಳು.

ಮಗಳು ನನ್ನ ಒದ್ದೆ ಪಂಚೆಯನ್ನು ಎಳೆದಳು. “ಅಪ್ಪ, ಜಸ್ಟ್ ಸೇ ಎವೆರಿ ಇಯರ್.”

ಒಮ್ಮೆ ಆದದ್ದು ಆದದ್ದಲ್ಲ ಎಂದು ನಾನು ನಂಬಿದ್ದೇನೆ. ಇನ್ನೂ ಆಗದೇ ಇರುವುದರ ಬಗ್ಗೆ ಮಾತು ಕೊಡುವುದಂತೂ ನನ್ನ ವೃತ್ತಿಯಲ್ಲಿ ಅಪರಾಧ. ಆದರೆ ಅವಳ ಬನ್ನು ಹೆಬ್ಬೆರಳಿಗೆ ಉಂಗುರದ ಹಾಗೆ ಸಿಕ್ಕಿಕೊಂಡಿತ್ತು. ಅಮ್ಮ ಗೋಡೆಯ ಕಡೆ ನೋಡುತ್ತಿದ್ದಳು, ನನ್ನ ಕಡೆ ಅಲ್ಲ. ನಾನು ಸ್ವಲ್ಪ ಜೋರಾಗಿಯೇ ಹೇಳಿದೆ: “ಪ್ರತಿ ವರ್ಷ ಮಾಡ್ತೀನಿ ಅಪ್ಪ. ಬನ್ನಿ.”

ಆಮೇಲೆ ಆದದ್ದರ ಬಗ್ಗೆ ನನಗೆ ಯಾವ ಖಾತ್ರಿಯೂ ಇಲ್ಲ. ಕಪ್ಪಗಿನದೊಂದು ಬಲಗಡೆಯಿಂದ ಬಂತು. ರೆಕ್ಕೆಯ ಸದ್ದು ಕೇಳಿತು. ಎಲೆಯ ಮೇಲಿದ್ದ ಬನ್ನು ಈಜುಕೊಳಕ್ಕೆ ಬಿತ್ತು. ಗೋಡೆಯ ಮೇಲೆ ವಡೆ, ಎಳ್ಳುಂಡೆ ಇದ್ದವು, ಸಾಸೇಜ್ ಇರಲಿಲ್ಲ. ಅದು ಮೈನಾ, ಕಾಲು ಹಳದಿ ಇತ್ತು ಎನ್ನುತ್ತಾಳೆ ನನ್ನ ಹೆಂಡತಿ. ಟೀಚರ್ ಕಣ್ಣು ಮುಚ್ಚಿಕೊಂಡಿದ್ದರು. ಕಾಗೆಯೇ, ಮುದಿ ಕಾಗೆ, ಪಟಾಕಿಯ ಸದ್ದು ಕೇಳಿಸಿರಲಿಕ್ಕಿಲ್ಲ ಎಂದು ಸೆಕ್ಯುರಿಟಿಯವನು ಆಣೆ ಮಾಡುತ್ತಾನೆ. ಅಪ್ಪನಿಗೆ ಕೊನೆಯ ದಿನಗಳಲ್ಲಿ ಕಿವಿ ಕೇಳಿಸುತ್ತಿರಲಿಲ್ಲ ಎಂಬುದನ್ನು ನಾವು ಯಾರೂ ಅವನಿಗೆ ಹೇಳಿರಲಿಲ್ಲ. ಇನ್ನು ನಾನು: ನಾನು ಮಾತು ಕೊಟ್ಟ ಮೇಲೆ ಅದು ಬಂತು ಎಂದು ಹಗಲಿನಲ್ಲಿ ನೆನಪಾಗುತ್ತದೆ; ಬಾಯಿ ತೆರೆಯುವ ಮೊದಲೇ ಸಾಸೇಜ್ ಹೋಗಿತ್ತು, ಸುಮ್ಮನೆ ಮಾತು ಕೊಟ್ಟು ಕೆಟ್ಟೆ ಎಂದು ಕಾರ್ಖಾನೆಯ ಒಲೆಯ ಮುಂದೆ ಕೂತಾಗ ನೆನಪಾಗುತ್ತದೆ. ಕೊರಿಯಾದವನ ವಿಡಿಯೋ ಕೇಳಿ ಪಡೆದೆ. ಅದರಲ್ಲಿ ಇಡೀ ಹೊತ್ತು ನನ್ನ ಬೆನ್ನು ಮಾತ್ರ ಇದೆ.

“ಸಾಕು, ತಿನ್ನಿ” ಎಂದಳು ಅಮ್ಮ. ಹಾಟ್ ಡಾಗ್ ಆರಿಹೋಗಿದ್ದವು. ತುಪ್ಪ ಬನ್ನಿನಲ್ಲಿ ಹೆಪ್ಪುಗಟ್ಟಿತ್ತು. ಟೀಚರ್ ಸಾಸಿವೆ ಸಾಸ್ ಸುರಿದುಕೊಂಡು ಮೂರು ತಿಂದರು. ಜೋಳದ ತೆನೆ ತಿನ್ನುವಾಗ ಖಾರಕ್ಕೆ ಅತ್ತರೋ ಜೂನ್‌ಗೆ ಅತ್ತರೋ ಹೇಳಲಾರೆ. ಕೋಸಂಬರಿಯನ್ನು ಅವರೇ ಸಲಾಡ್ ಎಂದು ಕರೆದದ್ದರಿಂದ ನಾವು ಸುಳ್ಳು ಹೇಳಬೇಕಾಗಲಿಲ್ಲ. ಹುಡುಗಿ ಐದು ವಡೆ ತಿಂದು, ತಮ್ಮ ಪಾಟಿ, ಎಂದರೆ ಅಜ್ಜಿ, ಮಾಡುವುದಕ್ಕಿಂತ ಮೆತ್ತಗಿದೆ ಎಂದು ಅಮ್ಮನಿಗೆ ತಮಿಳಿನಲ್ಲಿ ಹೇಳಿ, ಉಳಿದದ್ದನ್ನು ತಪಾವ್ ಮಾಡಿಕೊಂಡು ಹೊರಟಳು. ಮನೆಗೆ ಕಟ್ಟಿಸಿಕೊಂಡು ಹೋಗುವುದಕ್ಕೆ ಇಲ್ಲಿ ಹಾಗೆನ್ನುತ್ತಾರೆ.

ಹೊರಡುವ ಮೊದಲು ಅವಳು ತೀರ್ಪು ಕೊಟ್ಟಳು. ‘ಕಾಗೆ’ ಎಂಬಲ್ಲಿ ಗುರುತು ಹಾಕಿದಳು. ‘ಪ್ರತಿ ವರ್ಷ’ ಎಂಬುದನ್ನು ಹೊಡೆದು ಹಾಕಲಿಲ್ಲ. ಅದರ ಮೇಲೆ ಪೆನ್ಸಿಲಿನಲ್ಲಿ ಸಣ್ಣದೊಂದು ಪ್ರಶ್ನೆ ಚಿಹ್ನೆ ಬರೆದಳು. ಅದು ನ್ಯಾಯವೇ. ನಾನಾದರೂ ಹಾಗೆಯೇ ಮಾಡುತ್ತಿದ್ದೆ. ಆ ಪ್ರತಿಯೇ ಗೋಡೆಯ ಮೇಲೆ ಹೋಗಲಿ ಎಂದು ನನ್ನ ಮಗಳೇ ಹಟ ಹಿಡಿದಳು. ಪ್ರಶ್ನೆ ಚಿಹ್ನೆಯ ಸಮೇತ ಅದು ಮೂರು ತಿಂಗಳು ‘ನಿಜವಾದ ಕಥೆಗಳು’ ಎಂಬುದರ ಕೆಳಗಿತ್ತು. ಈಗ ನಮ್ಮ ಫ್ರಿಜ್ ಮೇಲಿದೆ. ಪಕ್ಕದಲ್ಲಿ ಅವಳು ಒಂದು ರಬ್ಬರ್ ತಂದಿಟ್ಟಿದ್ದಾಳೆ. ಯಾರೂ ಮುಟ್ಟುವಂತಿಲ್ಲ.

ನಲ್ಲಿ ರಿಪೇರಿಯಾಯಿತು. ಅಮ್ಮನ ಕಣ್ಣೂ ಆಯಿತು. ಕಾಗೆಗಳು ಎರಡೇ ವಾರದಲ್ಲಿ ವಾಪಸು ಬಂದು ನನ್ನ ಕಾರಿನ ಇನ್ನೊಂದು ವೈಪರನ್ನೂ ಒಯ್ದವು; ನಾನು ದೂರು ಕೊಡಲಿಲ್ಲ.

ಈ ವರ್ಷ ಅಮ್ಮ ಹೊಸ ಕಣ್ಣಿನಿಂದ ಪಂಚಾಂಗ ನೋಡಿ ದಿನ ಹೇಳಿದಳು. ಬುಧವಾರ ಬರುತ್ತದೆ. ಟೀಚರ್ ಮತ್ತು ಎದುರಿನ ಬ್ಲಾಕಿನ ಹುಡುಗಿ ಶಾಲೆ ಮುಗಿಸಿ ನೇರ ಬರುತ್ತಾರೆ. ಸಾಸಿವೆ ಸಾಸ್ ತರಬಹುದೋ ಇಲ್ಲವೋ ಎಂದು ಅಮ್ಮ ಮೈಸೂರಿನ ಪುರೋಹಿತರಿಗೆ ಫೋನ್ ಮಾಡಿ ಕೇಳಿದ್ದಾಳೆ, ಅವರು ಯೋಚಿಸಿ ಹೇಳುತ್ತೇನೆ ಎಂದಿದ್ದಾರೆ. ಮೊನ್ನೆ ನಾನು ರಜೆಯ ಅರ್ಜಿ ತೆಗೆದುಕೊಂಡು ಮ್ಯಾನೇಜರ್ ಹತ್ತಿರ ಹೋದೆ. ಅವರು ಪೆನಾಂಗ್‌ನ ಚೀನೀಯರು. ಪ್ರತಿ ಏಪ್ರಿಲ್‌ನಲ್ಲಿ ರಜೆ ಹಾಕಿ ತಮ್ಮ ಅಜ್ಜನ ಸಮಾಧಿಯ ಮುಂದೆ ಹುರಿದ ಬಾತುಕೋಳಿ, ಬಿಯರ್, ಕಾಗದದ ಕಾರು ಇಟ್ಟು ಬರುವವರು. ಅವರಿಗೆ ತಿಥಿ ಎಂದರೆ ಏನೆಂದು ವಿವರಿಸುವುದು ಕಷ್ಟ ಎಂದು ನಾನು ಮೂರು ವರ್ಷ ರಜೆಯನ್ನೇ ಕೇಳಿರಲಿಲ್ಲ. ಈಗ ನೆನೆಸಿಕೊಂಡರೆ, ಇಷ್ಟು ದಡ್ಡನಿಗೆ ವಿಶ್ವವಿದ್ಯಾಲಯ ಪದವಿ ಹೇಗೆ ಕೊಟ್ಟಿತೋ.

ಆದರೂ ಅರ್ಜಿಯಲ್ಲಿ ಕಾರಣ ಎಂಬಲ್ಲಿ ಕೈ ತಾನಾಗಿ ‘ಬಾರ್ಬೆಕ್ಯೂ’ ಎಂದು ಬರೆದಿತ್ತು.

“ಬುಧವಾರ ಬಾರ್ಬೆಕ್ಯೂನಾ?” ಮ್ಯಾನೇಜರ್ ಕನ್ನಡಕ ಮೇಲೆತ್ತಿದರು. “ಯಾರು ಬರ್ತಾರೆ?”

“ನನ್ನ ಅಪ್ಪ.”

“ಓ, ಅವರು ಇಲ್ಲಿದ್ದಾರಾ?”

“ಬಂದರೂ ಬರಬಹುದು. ಹೇಳೋಕಾಗಲ್ಲ.”

ಅವರು ಸಹಿ ಹಾಕಿ, ಪೆನ್ನಿನ ಮುಚ್ಚಳ ಹಾಕುತ್ತಾ ಕೇಳಿದರು, “ಹೋದ ವರ್ಷವೂ ಮಾಡಿದ್ರಾ?”

“ಪ್ರತಿ ವರ್ಷ ಮಾಡ್ತೀವಿ” ಎಂದೆ.